ಲೋಹದ ಗುರುತು, ಸಂಕಟದ ಗುರುತು

ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಅಡಕೆಯ ತೋಟಗಳಲ್ಲಿ ಒಂದು ಕೆಲಸ ನಡೆದಿರಲೇಬೇಕು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕಲಸಿ, ಅನಂತರ ಕೂಡಿಸಿ, ಆ ನೀಲಿ ದ್ರಾವಣವನ್ನು ಗೊನೆಗೊನೆಗೂ ಸಿಂಪಡಿಸುತ್ತಾರೆ. ಹಾಗೆ ಮಾಡದಿದ್ದರೆ ಕೊಳೆರೋಗ ತಗಲಿ ಎಳೆಯ ಕಾಯಿಗಳೆಲ್ಲ ನೆಲದ ಪಾಲಾಗುತ್ತವೆ. ಇದೇ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಮಿಲಾರ್ಡೆಯವರು ದ್ರಾಕ್ಷಿಬಳ್ಳಿಯ ರೋಗಕ್ಕೆ ಇದು ಮದ್ದೆಂದು ೧೮೮೫ರಲ್ಲಿ ಪ್ರಕಟಿಸಿದರು. ನಮ್ಮ ಅಡಕೆಯ ಕೊಳೆರೋಗವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ, ಈ ಮದ್ದನ್ನು ಇಲ್ಲಿ ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು. ಅವರ ವರದಿ ೧೯೧೦ರಲ್ಲಿ ಹೊರಬಿದ್ದಿತು. ‘ಕೊಳೆರೋಗ’ ಎಂಬ ನಮ್ಮ ಮಾತು ಅಂದಿನಿಂದ ಇಂಗ್ಲಿಷಿನ ಸಸ್ಯರೋಗ ಗ್ರಂಥಗಳಲ್ಲಿಯೂ ಹಾಗೆಯೇ ನಿಂತಿದೆ.

ಮೈಲುತುತ್ತದಲ್ಲಿರುವ ಲೋಹ ತಾಮ್ರ. ತಾಮ್ರ ಸೂಕ್ಷ್ಮಜೀವಿಗಳಿಗೆ ವಿಷವೆಂಬುದು ಹೀಗೆ ಬಹಳ ಹಳೆಯ ತಿಳಿವಳಿಕೆ. ಆದರೆ ಅದು ಜೀವಕೋಶದೊಳಗೆ ಹೊಕ್ಕು ಮೊದಲು ಕೈ ಹಾಕುವುದು ಯಾವುದರ ಮೇಲೆ? ಕೋಶವು ಅದನ್ನು ತಾಮ್ರವೆಂದೇ ಗುರುತಿಸುತ್ತದೆಯೆ, ಅಥವಾ ಏನೋ ಕೇಡು ಬಂದಿತೆಂದು ಸುಮ್ಮನೆ ತತ್ತರಿಸುತ್ತದೆಯೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ತೀರ ಇತ್ತೀಚಿನ ಕೆಲಸ. ನಾವು ಭೌತಶಾಸ್ತ್ರದ ಪಾಠ ಹೇಳುವವರು. ಜೀವಶಾಸ್ತ್ರ ನಮ್ಮ ಮನೆಯಲ್ಲ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಇಲ್ಲಿರುವ ತೊಡಕು ಅಳತೆಯ ತೊಡಕು. ಬೇಕಾದ ಸಂಕೇತವನ್ನು ಬೇಡವಾದ ಸಂಕೇತದಿಂದ ಬೇರ್ಪಡಿಸುವ ತೊಡಕು. ಅದು ನಮಗೆ ದಿನನಿತ್ಯದ ಪರಿಚಯ.

ಇಂಥ ಮೂಲಪ್ರಶ್ನೆಗಳು ಬಂದಾಗ ವಿಜ್ಞಾನಿಗಳು ಮೊದಲು ಹೋಗುವುದು ತಮಗೆ ಚೆನ್ನಾಗಿ ಪಳಗಿದ ಎರಡು ಜೀವಿಗಳ ಬಳಿಗೆ. ಒಂದು, ನಮ್ಮ ಕರುಳಿನಲ್ಲಿಯೇ ವಾಸಿಸುವ ಎಶೆರಿಕಿಯ ಕೋಲಿ ಎಂಬ ಬ್ಯಾಕ್ಟೀರಿಯ. ಇನ್ನೊಂದು, ರೊಟ್ಟಿಯನ್ನು ಉಬ್ಬಿಸುವ ಯೀಸ್ಟು. ಯೀಸ್ಟಿನ ಡಿ.ಎನ್.ಎ. ಬರಹವನ್ನು ೧೯೯೬ರಲ್ಲಿಯೂ, ಕೋಲಿಯದನ್ನು ೧೯೯೭ರಲ್ಲಿಯೂ ಸಂಪೂರ್ಣವಾಗಿ ಓದಿ ಮುಗಿಸಿದರು. ಕೋಲಿಯಲ್ಲಿ ಸುಮಾರು ೪,೩೦೦ ಜೀನುಗಳು, ಯೀಸ್ಟಿನಲ್ಲಿ ಸುಮಾರು ೬,೦೦೦. ಒಂದೊಂದು ಜೀನೂ ಸಾಮಾನ್ಯವಾಗಿ ಒಂದೊಂದು ಪ್ರೋಟೀನಿನ ಪಾಠ. ಪ್ರೋಟೀನು ಬೇಕಾದಾಗ ಕೋಶವು ಆ ಪಾಠದ ನಕಲುಗಳನ್ನು ತೆಗೆಯುತ್ತದೆ. ಇವಕ್ಕೆ ದೂತ ಆರ್.ಎನ್.ಎ. ಎಂದು ಹೆಸರು. ಯಾವ ಜೀನಿನ ನಕಲು ಹೆಚ್ಚಿತು, ಯಾವುದರದು ತಗ್ಗಿತು ಎಂಬುದನ್ನು ಎಲ್ಲ ಜೀನುಗಳಿಗೂ ಒಮ್ಮೆಗೇ ಎಣಿಸುವ ಸಾಧನಗಳು ಈಗ ಕೈಗೆ ಬಂದಿವೆ.

ಹಾಗಿದ್ದರೆ ಕೆಲಸ ಸುಲಭವೆಂದು ತೋರಬಹುದು. ಒಂದು ಪಾತ್ರೆಯ ಕೋಶಗಳಿಗೆ ತಾಮ್ರ ಹಾಕಿ, ಇನ್ನೊಂದಕ್ಕೆ ಹಾಕದೆ ಬಿಟ್ಟು, ಎರಡರಲ್ಲಿಯೂ ನಕಲುಗಳನ್ನು ಎಣಿಸಿ ಹೋಲಿಸಿದರಾಯಿತು. ವ್ಯತ್ಯಾಸ ಕಂಡ ಜೀನುಗಳೆಲ್ಲ ತಾಮ್ರದ ಜೀನುಗಳು! ಆದರೆ ಹೀಗೆ ಮಾಡಿದಾಗ ಬದಲಾಗುವ ಜೀನುಗಳು ನಾಲ್ಕಲ್ಲ, ಎಂಟಲ್ಲ, ನೂರಾರು. ಅವುಗಳಲ್ಲಿ ಬಹುಪಾಲಿಗೆ ತಾಮ್ರದ ಹೆಸರೇ ಗೊತ್ತಿಲ್ಲ. ಜ್ವರ ಬಂದ ಮನುಷ್ಯನನ್ನು ನೆನೆಯಿರಿ. ಮೈ ಬಿಸಿಯಾಗಿದೆ, ನಾಡಿ ಓಡುತ್ತಿದೆ, ಊಟ ಸೇರದು, ಮೈಕೈ ನೋವು. ಇಷ್ಟನ್ನೇ ಕಂಡು ಮಲೇರಿಯವೆನ್ನುವ ವೈದ್ಯರನ್ನು ಯಾರೂ ಮೆಚ್ಚರು. ವಿಷಮಶೀತಜ್ವರಕ್ಕೂ ಇವೇ ಲಕ್ಷಣಗಳು. ಮಲೇರಿಯವೆನ್ನಬೇಕಾದರೆ ರಕ್ತದಲ್ಲಿ ಅದರ ಪರಾವಲಂಬಿಯನ್ನು ಕಾಣಬೇಕು.

ಎಲ್ಲ ಸಂಕಟಕ್ಕೂ ಒಂದೇ ಮುಖ

ಸೂಕ್ಷ್ಮಜೀವಿಗಳಿಗೂ ಇಂಥ ‘ಜ್ವರ’ ಉಂಟೆಂಬುದನ್ನು ಯೀಸ್ಟಿನಲ್ಲಿ ಎಣಿಕೆಯಿಂದ ತೋರಿಸಿದುದು ೨೦೦೦ದಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಡ್ರಿ ಗ್ಯಾಷ್ ಮತ್ತು ಸಂಗಡಿಗರು ಯೀಸ್ಟನ್ನು ಬಗೆಬಗೆಯಾಗಿ ಪೀಡಿಸಿದರು. ಬಿಸಿ ಮಾಡಿದರು, ಹೈಡ್ರೊಜನ್ ಪೆರಾಕ್ಸೈಡು ಹಾಕಿದರು, ಕೋಶದ ನೀರನ್ನು ಹೊರಗೆಳೆಯುವಂಥ ಗಾಢ ದ್ರಾವಣದಲ್ಲಿಟ್ಟರು, ಆಹಾರವಿಲ್ಲದೆ ಉಪವಾಸ ಕೆಡವಿದರು. ಇವು ಒಂದಕ್ಕೊಂದು ಸಂಬಂಧವಿಲ್ಲದ ಪೀಡೆಗಳು. ಆದರೂ ಸುಮಾರು ೯೦೦ ಜೀನುಗಳು ಹೆಚ್ಚುಕಡಮೆ ಎಲ್ಲ ಪೀಡೆಗೂ ಒಂದೇ ರೀತಿಯಲ್ಲಿ ಓಗೊಟ್ಟವು. ಅವುಗಳಲ್ಲಿ ಸುಮಾರು ೬೦೦ ತಗ್ಗಿದವು, ಸುಮಾರು ೩೦೦ ಏರಿದವು. ತಗ್ಗಿದವುಗಳಲ್ಲಿ ಹೆಚ್ಚಿನವು ಪ್ರೋಟೀನು ತಯಾರಿಸುವ ಕಾರ್ಖಾನೆಗೆ, ಎಂದರೆ ಬೆಳವಣಿಗೆಗೆ, ಸೇರಿದವು. ಏರಿದವು ರಕ್ಷಣೆಗೆ, ದುರಸ್ತಿಗೆ, ಕೂಡಿಡುವಿಕೆಗೆ ಸೇರಿದವು. ಯೀಸ್ಟಿನ ಒಟ್ಟು ಜೀನುಗಳಲ್ಲಿ ಏಳರಲ್ಲಿ ಒಂದು ಪಾಲು ಹೀಗೆ ಯಾವ ಪೀಡೆಯೆಂದು ವಿಚಾರಿಸದೆಯೇ ಏಳುತ್ತದೆ, ಬೀಳುತ್ತದೆ.

ಕೋಲಿಯಲ್ಲಿಯೂ ಇಂಥ ವ್ಯವಸ್ಥೆ ಇದೆ. ಜೀನುಗಳ ನಕಲು ತೆಗೆಯುವ ಯಂತ್ರಕ್ಕೆ ಸಿಗ್ಮ ಎಂಬ ಒಂದು ಬಿಡಿಭಾಗ ಸೇರಿಕೊಂಡು, ಎಲ್ಲಿಂದ ನಕಲು ಪ್ರಾರಂಭವಾಗಬೇಕೆಂಬುದನ್ನು ತೋರಿಸುತ್ತದೆ. ಸುಖದ ದಿನಗಳಲ್ಲಿ ಒಂದು ಸಿಗ್ಮ. ಕಷ್ಟ ಬಂದಾಗ ಸಿಗ್ಮ-ಎಸ್ ಎಂಬ ಬೇರೊಂದು ಹೆಚ್ಚಾಗಿ, ನೂರಾರು ಜೀನುಗಳನ್ನು ಒಟ್ಟಿಗೆ ಎಚ್ಚರಿಸುತ್ತದೆ. ಹಸಿವಿಗೂ ಅದೇ, ಆಮ್ಲಕ್ಕೂ ಅದೇ, ಉಪ್ಪಿಗೂ ಅದೇ.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಲೋಹ ತಗಲಿದ ಕೋಶ ನಿಧಾನವಾಗಿ ಬೆಳೆಯುತ್ತದೆ. ನಿಧಾನವಾಗಿ ಬೆಳೆಯುವುದರಿಂದಲೇ ಜೀನುಗಳು ಬದಲಾಗುತ್ತವೆಯೆ? ಇದನ್ನು ತಿಳಿಯಲು ಬೇಕಾದ ಉಪಕರಣವನ್ನು ಕಂಡುಹಿಡಿದವರಲ್ಲಿ ಒಬ್ಬರು ಲಿಯೋ ಜಿಲಾರ್ಡ್ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಪರಮಾಣು ಬೀಜಗಳ ಸರಣಿಕ್ರಿಯೆಯನ್ನು ೧೯೩೩ರಲ್ಲಿ ಮೊದಲು ಊಹಿಸಿದ ಭೌತವಿಜ್ಞಾನಿಯೇ ಇವರು. ಮಹಾಯುದ್ಧದ ಅನಂತರ ಅವರು ಜೀವಶಾಸ್ತ್ರಕ್ಕೆ ತಿರುಗಿ, ಆರನ್ ನೋವಿಕ್ಕರೊಡನೆ ಕೂಡಿ ೧೯೫೦ರಲ್ಲಿ ಕೀಮೋಸ್ಟಾಟ್ ಎಂಬ ಪಾತ್ರೆಯನ್ನು ರಚಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಜಾಕ್ ಮೊನೋ ಸ್ವತಂತ್ರವಾಗಿ ಇದೇ ಉಪಾಯವನ್ನು ಪ್ರಕಟಿಸಿದರು.

ಉಪಾಯವೇನೋ ಸರಳ. ಒಂದು ಲೀಟರು ದ್ರವವಿರುವ ಪಾತ್ರೆಗೆ ಗಂಟೆಗೆ ೨೦೦ ಮಿಲಿಲೀಟರಿನಂತೆ ಹೊಸ ಆಹಾರದ್ರವವನ್ನು ಬಿಡುತ್ತಾರೆ. ಅಷ್ಟೇ ದ್ರವ, ಕೋಶಗಳ ಸಮೇತ, ಹೊರಕ್ಕೆ ಹರಿದುಹೋಗುತ್ತದೆ. ಆಹಾರದಲ್ಲಿ ಒಂದು ಅಂಶವನ್ನು ಕೊಂಚ ಕಡಮೆ ಇಟ್ಟಿರುತ್ತಾರೆ. ಕೋಶಗಳು ಹರಿದುಹೋಗುವುದಕ್ಕಿಂತ ಬೇಗ ಹೆಚ್ಚಿದರೆ ಆ ಅಂಶ ಕರಗಿ ಬೆಳವಣಿಗೆ ಕುಗ್ಗುತ್ತದೆ; ನಿಧಾನವಾದರೆ ಕೋಶಗಳ ಸಂಖ್ಯೆ ಇಳಿದು, ಆಹಾರ ಮಿಕ್ಕಿ, ಬೆಳವಣಿಗೆ ಚುರುಕಾಗುತ್ತದೆ. ಗೋಲಿಯನ್ನು ಬಟ್ಟಲಿನಲ್ಲಿ ಬಿಟ್ಟರೆ ತಳಕ್ಕೇ ಬಂದು ನಿಲ್ಲುವಂತೆ, ಬೆಳವಣಿಗೆಯ ವೇಗ ತಾನಾಗಿ ಹರಿವಿನ ವೇಗಕ್ಕೆ ಬಂದು ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಕೋಶಗಳು ಸುಮಾರು ಮೂರೂವರೆ ಗಂಟೆಗೊಮ್ಮೆ ಇಮ್ಮಡಿಸುತ್ತವೆ. ನಲ್ಲಿಯ ತಿರುಪಿನಿಂದ ಜೀವಿಯ ಬೆಳವಣಿಗೆಯನ್ನು ನಿರ್ಧರಿಸುವುದೆಂದರೆ ಇದೇ.

ಈ ಪಾತ್ರೆಯಲ್ಲಿ ಯೀಸ್ಟನ್ನು ಬೇರೆ ಬೇರೆ ವೇಗಗಳಲ್ಲಿ ಬೆಳೆಸಿ, ಪ್ರಿನ್ಸ್‌ಟನ್ನಿನ ವಿಜ್ಞಾನಿಗಳು ೨೦೦೮ರಲ್ಲಿ ಒಂದು ದೊಡ್ಡ ಸಂಗತಿಯನ್ನು ವರದಿ ಮಾಡಿದರು. ಕೊರತೆಯಾದ ಆಹಾರಾಂಶ ಯಾವುದೇ ಇರಲಿ, ಕಾಲುಭಾಗಕ್ಕಿಂತ ಹೆಚ್ಚು ಜೀನುಗಳ ನಕಲಿನ ಪ್ರಮಾಣ ಬೆಳವಣಿಗೆಯ ವೇಗಕ್ಕೆ ಸರಳರೇಖೆಯ ಸಂಬಂಧದಲ್ಲಿರುತ್ತದೆ! ಹಿಂದೆ ಹೇಳಿದ ೯೦೦ ಜೀನುಗಳಲ್ಲಿ ಅನೇಕವು ಈ ಗುಂಪಿನಲ್ಲಿಯೂ ಇವೆ. ಆದ್ದರಿಂದ ‘ಲೋಹಕ್ಕೆ ಪ್ರತಿಕ್ರಿಯೆ’ ಎಂದು ಬರೆದುಕೊಂಡ ಪಟ್ಟಿಯಲ್ಲಿ ಒಂದು ದೊಡ್ಡ ಪಾಲು ‘ನಿಧಾನವಾಗಿ ಬೆಳೆಯುತ್ತಿದ್ದೇನೆ’ ಎಂಬ ಹೇಳಿಕೆಯಷ್ಟೇ ಆಗಿರಬಹುದು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಯೋಗವನ್ನು ನಾವಂತೂ ನಂಬಲಾರೆವು.

ಲೋಹವನ್ನೇ ಬಲ್ಲ ಕಾವಲುಗಾರರು

ಹಾಗಾದರೆ ಕೋಶಕ್ಕೆ ಲೋಹಗಳ ಗುರುತೇ ಇಲ್ಲವೆ? ಇದೆ, ಅದೂ ನಂಬಲಸಾಧ್ಯವಾದಷ್ಟು ಸೂಕ್ಷ್ಮವಾಗಿದೆ. ಕೋಲಿಯಲ್ಲಿ ಒಂದೊಂದು ಲೋಹಕ್ಕೂ ಕಾವಲು ಕಾಯುವ ನಿಯಂತ್ರಕ ಪ್ರೋಟೀನುಗಳಿವೆ. ತಾಮ್ರಕ್ಕೆ ಕ್ಯೂ-ಆರ್, ಪಾದರಸವನ್ನು ತಡೆದುಕೊಳ್ಳಬಲ್ಲ ತಳಿಗಳಲ್ಲಿ ಮರ್-ಆರ್, ಸತುವಿಗೆ ಎರಡು, ಒಂದು ಕೊರತೆಯನ್ನು ನೋಡಿಕೊಳ್ಳಲು, ಇನ್ನೊಂದು ಅತಿಯಾದುದನ್ನು ಹೊರದೂಡಿಸಲು.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಔಟನ್ ಮತ್ತು ಓಹ್ಯಾಲರನ್ ಈ ಸತುವಿನ ಕಾವಲುಗಾರರು ಎಷ್ಟು ಸತುವಿಗೆ ಎಚ್ಚರಗೊಳ್ಳುತ್ತಾರೆಂಬುದನ್ನು ಅಳೆದು ೨೦೦೧ರಲ್ಲಿ ಪ್ರಕಟಿಸಿದರು. ಬಿಡಿಯಾಗಿರುವ ಸತು ಲೀಟರಿಗೆ ಒಂದು ಮೋಲಿನ ೧೦೦೦೦೦೦೦೦೦೦೦೦೦೦೦ದ ಒಂದು ಪಾಲಿನ ಆಸುಪಾಸಿನಲ್ಲಿದ್ದರೆ ಸಾಕು! ಒಂದರ ಮುಂದೆ ಹದಿನೈದು ಸೊನ್ನೆಗಳು. ಇದರ ಅರ್ಥವೇನೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಕೋಲಿಯ ಗಾತ್ರ ಸುಮಾರು ಒಂದು ಘನ ಮೈಕ್ರಾನು. ಎಂದರೆ ಒಂದು ಲೀಟರಿನ, ಮತ್ತೆ ಹದಿನೈದು ಸೊನ್ನೆಗಳ, ಒಂದು ಪಾಲು. ಒಂದು ಮೋಲಿನಲ್ಲಿ ಅವೊಗಾಡ್ರೊ ಸಂಖ್ಯೆಯಷ್ಟು, ಆರರ ಮುಂದೆ ಇಪ್ಪತ್ತಮೂರು ಸೊನ್ನೆಗಳಷ್ಟು, ಪರಮಾಣುಗಳು. ಒಂದು ಕೋಲಿಯೊಳಗೆ ಬಿಡಿಯಾದ ಒಂದೇ ಒಂದು ಸತುವಿನ ಪರಮಾಣು ಇದ್ದರೆ ಅದರ ಸಾಂದ್ರತೆ ಲೀಟರಿಗೆ ಒಂದು ಮೋಲಿನ ೬೦ ಕೋಟಿಯಲ್ಲಿ ಒಂದು ಪಾಲಾಗುತ್ತದೆ. ಕಾವಲುಗಾರ ಎಚ್ಚರಗೊಳ್ಳುವುದು ಅದಕ್ಕಿಂತ ಹತ್ತು ಲಕ್ಷಪಟ್ಟು ಕಡಮೆಯಾದ ಸಾಂದ್ರತೆಗೆ.

ಒಂದು ಪರಮಾಣುವಿನ ಹತ್ತು ಲಕ್ಷದ ಒಂದು ಪಾಲು ಎಂಬ ಮಾತಿಗೆ ಅರ್ಥವುಂಟೆ? ಹಾಗೆಂದರೆ ಇಷ್ಟೇ: ಆರೋಗ್ಯವಾಗಿರುವ ಕೋಶದಲ್ಲಿ ಬಿಡಿ ಸತುವೆಂಬುದು ಇಲ್ಲವೇ ಇಲ್ಲ. ಕೋಲಿಯೊಂದರಲ್ಲಿ ಸತುವಿನ ಪರಮಾಣುಗಳು ಒಟ್ಟು ಸುಮಾರು ಎರಡು ಲಕ್ಷವಿದ್ದರೂ ಅವೆಲ್ಲ ಯಾವುದೋ ಒಂದು ಪ್ರೋಟೀನಿನ ತೆಕ್ಕೆಯಲ್ಲಿಯೇ ಇರುತ್ತವೆ. ಹಿಡಿಯುವವರಿಲ್ಲದೆ ಒಂದು ಪರಮಾಣು ಅಲೆಯತೊಡಗಿದರೂ ಅದು ಸುದ್ದಿ. ತಾಮ್ರದ ಕ್ಯೂ-ಆರ್ ಇನ್ನೂ ಒಂದು ಹೆಜ್ಜೆ ಮುಂದೆ. ೨೦೦೩ರಲ್ಲಿ ಅಳೆದಾಗ ಅದರ ಸಾಂದ್ರತೆಯ ಅಂಕೆಯಲ್ಲಿ ಸೊನ್ನೆಗಳು ಹದಿನೈದಲ್ಲ, ಇಪ್ಪತ್ತೊಂದು.

ಈ ಕಾವಲುಗಾರರು ಕೆಲಸ ಮಾಡುವ ಬಗೆಯಲ್ಲಿಯೂ ಯಂತ್ರಶಾಸ್ತ್ರದ ಸೊಗಸಿದೆ. ನಕಲು ತೆಗೆಯುವ ಯಂತ್ರ ಡಿ.ಎನ್.ಎ. ಏಣಿಯನ್ನು ಎರಡು ಕಡೆ ಹಿಡಿಯಬೇಕು; ಆ ಎರಡು ಹಿಡಿಕೆಗಳ ನಡುವೆ ೧೭ ಮೆಟ್ಟಿಲುಗಳಿದ್ದರೆ ಹಿಡಿತ ಸರಿಯಾಗಿ ಕೂಡುತ್ತದೆ. ಪಾದರಸದ ಜೀನುಗಳ ಬಾಗಿಲಲ್ಲಿ ೧೯ ಮೆಟ್ಟಿಲುಗಳಿವೆ. ಏಣಿ ತಿರುಚಿಕೊಂಡಿರುವುದರಿಂದ ಎರಡು ಮೆಟ್ಟಿಲು ಹೆಚ್ಚಾದರೆ ಹಿಡಿಕೆಗಳು ಒಂದೇ ಮುಖಕ್ಕೆ ಬರುವುದಿಲ್ಲ. ಮರ್-ಆರ್ ಅಲ್ಲಿಯೇ ಕಾದಿರುತ್ತದೆ. ಪಾದರಸ ಬಂದು ಅದಕ್ಕೆ ಅಂಟಿಕೊಂಡೊಡನೆ ಅದು ತನ್ನ ಆಕಾರವನ್ನು ಬದಲಿಸಿ ಏಣಿಯ ಸುತ್ತನ್ನು ಕೊಂಚ ಸಡಿಲಿಸುತ್ತದೆ. ಹಿಡಿಕೆಗಳು ನೇರಾಗುತ್ತವೆ, ನಕಲು ಪ್ರಾರಂಭವಾಗುತ್ತದೆ. ಬಿಸಿಯಾಗಲಿ ಹಸಿವಾಗಲಿ ಈ ಬೀಗಕ್ಕೆ ಕೀಲಿಕೈಯಲ್ಲ.

ಆದರೆ ಒಂದು ಎಚ್ಚರಿಕೆಯ ಮಾತು ಇಲ್ಲಿಯೇ ಹೇಳಬೇಕು. ‘ಲೋಹವಿಶಿಷ್ಟ’ ಎಂದರೆ ಒಂದೇ ಲೋಹಕ್ಕೆ ಎಂದು ತಿಳಿಯಬಾರದು. ಕ್ಯೂ-ಆರ್ ತಾಮ್ರದ ಅಯಾನನ್ನು ಎರಡು ಗಂಧಕಗಳ ನಡುವೆ ನೇರ ಸಾಲಿನಲ್ಲಿ ಹಿಡಿಯುತ್ತದೆ. ಒಂದು ಧನವಿದ್ಯುದಂಶವಿರುವ ಅಯಾನಿಗೆ ಮಾತ್ರ ಅಲ್ಲಿ ಜಾಗ. ಬೆಳ್ಳಿಗೂ ಚಿನ್ನಕ್ಕೂ ಅಂಥ ಅಯಾನುಗಳಿವೆ. ಆದ್ದರಿಂದ ಅವಕ್ಕೂ ಅದು ಏಳುತ್ತದೆ. ಎರಡು ವಿದ್ಯುದಂಶಗಳ ಸತುವಿಗೂ ಪಾದರಸಕ್ಕೂ ಏಳುವುದಿಲ್ಲ. ಕೋಶವು ನೋಡುವುದು ಲೋಹದ ಹೆಸರನ್ನಲ್ಲ, ಅದರ ವಿದ್ಯುದಂಶವನ್ನು ಮತ್ತು ಅದು ಬಂಧ ಕಟ್ಟುವ ಬಗೆಯನ್ನು.

ಬಿಡಿಸಿ ನೋಡುವ ಬಗೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ನೂರಾರು ಬದಲಾವಣೆಗಳ ಗೊಂದಲದಿಂದ ಲೋಹಕ್ಕೇ ಸೇರಿದವನ್ನು ಆರಿಸುವುದು ಹೇಗೆ?

ಕಬ್ಬಿಣದ ಸೇತುವೆಯ ತೊಲೆ ಭಾರಕ್ಕೆ ಎಷ್ಟು ಹಿಗ್ಗಿತೆಂದು ಅಳೆಯಲು ಎಂಜಿನಿಯರುಗಳು ಅದಕ್ಕೆ ಒಂದು ತೆಳ್ಳನೆಯ ತಂತಿಯನ್ನು ಅಂಟಿಸುತ್ತಾರೆ. ತೊಲೆ ಹಿಗ್ಗಿದರೆ ತಂತಿಯೂ ಹಿಗ್ಗಿ ಅದರ ವಿದ್ಯುದ್ರೋಧ ಹೆಚ್ಚುತ್ತದೆ. ಆದರೆ ಬಿಸಿಲೇರಿದರೂ ರೋಧ ಹೆಚ್ಚುತ್ತದೆ. ಅದಕ್ಕೆಂದು ಅಂಥದೇ ಇನ್ನೊಂದು ತಂತಿಯನ್ನು ಭಾರ ಬೀಳದ ಅದೇ ಲೋಹದ ತುಂಡಿಗೆ ಅಂಟಿಸಿ ಪಕ್ಕದಲ್ಲಿಯೇ ಇಡುತ್ತಾರೆ. ಎರಡನ್ನೂ ವ್ಹೀಟ್‌ಸ್ಟನ್ ಸೇತುವೆಯ ಅಕ್ಕಪಕ್ಕದ ತೋಳುಗಳಲ್ಲಿ ಸೇರಿಸಿದರೆ ಬಿಸಿಲಿನ ಪರಿಣಾಮ ಎರಡರಲ್ಲಿಯೂ ಸಮನಾಗಿ ರದ್ದಾಗುತ್ತದೆ; ಉಳಿಯುವುದು ಭಾರದ ಪರಿಣಾಮ.

ಜೀವಿಗಳಲ್ಲಿಯೂ ಇಂಥ ಜೊತೆ ತಂತಿ ಬೇಕು. ತಾಮ್ರ ಹಾಕಿದ ಪಾತ್ರೆಯ ಪಕ್ಕದಲ್ಲಿ ಏನೂ ಹಾಕದ ಪಾತ್ರೆಯೊಂದನ್ನು ಇಟ್ಟರೆ ಸಾಲದು. ಬಿಸಿ ಮಾಡಿದ್ದು, ಉಪ್ಪು ಹಾಕಿದ್ದು, ಪೆರಾಕ್ಸೈಡು ಹಾಕಿದ್ದು, ಸತು ಹಾಕಿದ್ದು, ಬೆಳ್ಳಿ ಹಾಕಿದ್ದು, ಎಲ್ಲವೂ ಇರಬೇಕು. ಅವುಗಳ ಪ್ರಮಾಣವನ್ನು ಬೆಳವಣಿಗೆ ಎಲ್ಲದರಲ್ಲಿಯೂ ಸಮನಾಗಿ ಕುಗ್ಗುವಂತೆ ಹೊಂದಿಸಬೇಕು. ಒಂದರಲ್ಲಿ ಕೋಶಗಳು ಅರೆಸತ್ತು, ಇನ್ನೊಂದರಲ್ಲಿ ಕುಣಿದಾಡುತ್ತಿದ್ದರೆ ಹೋಲಿಕೆಗೆ ಬೆಲೆಯಿಲ್ಲ. ಅಥವಾ ಎಲ್ಲವನ್ನೂ ಕೀಮೋಸ್ಟಾಟಿನಲ್ಲಿ ಒಂದೇ ವೇಗಕ್ಕೆ ಕಟ್ಟಿಹಾಕಬೇಕು. (ಅದೂ ಪರಿಪೂರ್ಣವಲ್ಲ. ಲೋಹದಿಂದ ಸೊರಗಿದ ಕೋಶಗಳು ಅದೇ ವೇಗದಲ್ಲಿ ಬೆಳೆಯಬೇಕಾದರೆ ಪಾತ್ರೆಯಲ್ಲಿ ಹೆಚ್ಚು ಆಹಾರ ಮಿಕ್ಕಿರಬೇಕಾಗುತ್ತದೆ. ಒಂದನ್ನು ಕಟ್ಟಿಹಾಕಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ದುಡಿದವರಿಗೆ ಇದು ಹೊಸತಲ್ಲ.)

ಗಡಿಯಾರವೂ ನೆರವಾಗುತ್ತದೆ. ಕೋಶಕ್ಕೆ ಇನ್ನೂ ಯಾವ ನೋವೂ ಆಗದಷ್ಟು ಅಲ್ಪ ಲೋಹಕ್ಕೆ, ಮೊದಲ ಕೆಲವು ನಿಮಿಷಗಳಲ್ಲಿಯೇ ಏಳುವ ಜೀನುಗಳನ್ನು ಕಾವಲುಗಾರರ ಕೈಕೆಳಗಿನವೆಂದು ಶಂಕಿಸಬಹುದು. ಶಂಕೆ ನಿಜವೆ ಎಂದು ತಿಳಿಯಲು ಕ್ಯೂ-ಆರ್ ಜೀನನ್ನೇ ಅಳಿಸಿಹಾಕಿದ ತಳಿಯನ್ನು ತಂದು ಅದೇ ಪ್ರಯೋಗವನ್ನು ಮತ್ತೆ ಮಾಡಬೇಕು. ಯಾವ ಬದಲಾವಣೆಗಳು ಮಾಯವಾದವೋ ಅವು ಆ ಕಾವಲುಗಾರನವು.

ಇಷ್ಟಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಒಂದು ಜೀನು ಲೋಹಕ್ಕೆ ಏರಿತೆಂದ ಮಾತ್ರಕ್ಕೆ, ಆ ಲೋಹದಿಂದ ಪಾರಾಗಲು ಅದು ಬೇಕೇಬೇಕೆಂದು ಆಯಿತೆ? ಇದನ್ನು ತಿಳಿಯಲು ಯೀಸ್ಟಿನ ವಿಜ್ಞಾನಿಗಳು ಹಲವು ದೇಶಗಳವರು ಕೂಡಿ ಒಂದು ಭಾರಿ ಕೆಲಸವನ್ನು ಮಾಡಿದರು. ಒಂದೊಂದು ತಳಿಯಲ್ಲಿ ಒಂದೊಂದು ಜೀನನ್ನು ಅಳಿಸಿ, ಆ ತಳಿಯ ಗುರುತಿಗೆ ೨೦ ಅಕ್ಷರಗಳ ಡಿ.ಎನ್.ಎ. ಮುದ್ರೆಯೊಂದನ್ನು ಒತ್ತಿದರು. ಬದುಕಲು ಅನಿವಾರ್ಯವಾದ ಜೀನುಗಳನ್ನು ಬಿಟ್ಟರೆ ಇಂಥ ಸುಮಾರು ೪,೮೦೦ ತಳಿಗಳು ದೊರೆತವು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ, ಸಂಕಟಕ್ಕೆ ಗುರಿಮಾಡಿ, ಯಾವ ಮುದ್ರೆಗಳು ಕಾಣೆಯಾದವೆಂದು ಎಣಿಸಬಹುದು. ೨೦೦೨ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಪರೀಕ್ಷಿಸಿದ ನಾಲ್ಕು ಪರಿಸ್ಥಿತಿಗಳಲ್ಲಿ, ನಕಲು ಗಣನೀಯವಾಗಿ ಏರಿದ ಜೀನುಗಳ ಪೈಕಿ ಆ ಪರಿಸ್ಥಿತಿಯಲ್ಲಿ ಚೆನ್ನಾಗಿ ಬೆಳೆಯಲು ನಿಜಕ್ಕೂ ಬೇಕಾಗಿದ್ದವು ನೂರಕ್ಕೆ ಏಳೂ ಇರಲಿಲ್ಲ! ಕೂಗುವವರು ಬೇರೆ, ಕೆಲಸ ಮಾಡುವವರು ಬೇರೆ.

ಈ ವಿಧಾನದಲ್ಲಿಯೂ ಸಾಮಾನ್ಯವೂ ವಿಶೇಷವೂ ಬೆರೆತೇ ಬರುತ್ತವೆ. ಯೀಸ್ಟಿನ ಕೋಶದಲ್ಲಿ ರಸಕೋಶವೆಂಬ ಚೀಲವೊಂದಿದೆ. ಅದನ್ನು ಹುಳಿಯಾಗಿಡುವ ಪಂಪು ಕೆಟ್ಟರೆ ಯೀಸ್ಟು ಅನೇಕ ಲೋಹಗಳಿಗೂ, ಲೋಹವಲ್ಲದ ಎಷ್ಟೋ ಮದ್ದುಗಳಿಗೂ ಬಲಿಯಾಗುತ್ತದೆ. ಅದು ಹುಟ್ಟಾ ರೋಗಿಷ್ಠ. ಅದರ ಸಾವಿನಿಂದ ತಾಮ್ರದ ಬಗೆಗೆ ವಿಶೇಷವೇನೂ ತಿಳಿಯದು. ಆದರೆ ತಾಮ್ರವನ್ನು ಗಂಧಕಗಳಲ್ಲಿ ಬಂಧಿಸಿಡುವ ಕಪ್-೧ ಎಂಬ ಪುಟ್ಟ ಪ್ರೋಟೀನು ಇಲ್ಲದ ತಳಿ ತಾಮ್ರಕ್ಕೆ ಬೇಗ ಬಲಿಯಾಗುತ್ತದೆ. ಅದರ ಸಾವಿಗೆ ಅರ್ಥವಿದೆ.

ತಾಮ್ರದ ಮೊಕದ್ದಮೆ

ಸಾಮಾನ್ಯ ಲಕ್ಷಣವನ್ನೇ ಕಾರಣವೆಂದು ತಿಳಿದರೆ ಎಂಥ ದಾರಿ ತಪ್ಪಬಹುದೆಂಬುದಕ್ಕೆ ತಾಮ್ರದ ಕಥೆಯೇ ಒಳ್ಳೆಯ ಉದಾಹರಣೆ. ಕಬ್ಬಿಣದ ಅಯಾನೂ ಹೈಡ್ರೊಜನ್ ಪೆರಾಕ್ಸೈಡೂ ಸೇರಿದರೆ ಬಲು ಉಗ್ರವಾದ ಉತ್ಕರ್ಷಣ ನಡೆಯುತ್ತದೆಂದು ಫೆಂಟನ್ ೧೮೯೪ರಲ್ಲಿ ವರ್ಣಿಸಿದ್ದರು. ಈ ಕ್ರಿಯೆಯಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ತುಣುಕು ಡಿ.ಎನ್.ಎ.ಯನ್ನೂ ಕಡಿಯಬಲ್ಲದು. ಪರೀಕ್ಷಾನಳಿಕೆಯಲ್ಲಿ ತಾಮ್ರವೂ ಇದನ್ನೇ ಮಾಡುತ್ತದೆ. ತಾಮ್ರ ತಗಲಿದ ಕೋಶಗಳಲ್ಲಿ ಉತ್ಕರ್ಷಣವನ್ನು ಎದುರಿಸುವ ಜೀನುಗಳೂ ಏರುವುದುಂಟು. ಎರಡನ್ನೂ ಜೋಡಿಸಿ, ತಾಮ್ರ ಕೊಲ್ಲುವುದು ಆಮ್ಲಜನಕದ ಮೂಲಕ, ಡಿ.ಎನ್.ಎ.ಯನ್ನು ಕೆಡಿಸಿ, ಎಂದು ಪುಸ್ತಕಗಳಲ್ಲಿ ಬರೆದರು. ಸಾಕ್ಷ್ಯ ನೋಡಲು ಬಲವಾಗಿಯೇ ಇತ್ತು.

ಇಲಿನಾಯ್ ವಿಶ್ವವಿದ್ಯಾನಿಲಯದ ಜೇಮ್ಸ್ ಇಮ್ಲೆ ಮತ್ತು ಸಹೋದ್ಯೋಗಿಗಳು ಇದನ್ನು ಪರೀಕ್ಷೆಗೊಡ್ಡಿದರು. ತಾಮ್ರವನ್ನು ಹೊರಗಟ್ಟುವ ಏರ್ಪಾಡುಗಳನ್ನೆಲ್ಲ ಕಿತ್ತುಹಾಕಿದ ಕೋಲಿ ತಳಿಯನ್ನು ತೆಗೆದುಕೊಂಡು ಅದರೊಳಗೆ ತಾಮ್ರ ತುಂಬುವಂತೆ ಮಾಡಿದರು. ಹಳೆಯ ಅಭಿಪ್ರಾಯ ಸರಿಯಾಗಿದ್ದರೆ ಈ ಕೋಶಗಳಿಗೆ ಪೆರಾಕ್ಸೈಡು ಹಾಕಿದಾಗ ಡಿ.ಎನ್.ಎ. ಇನ್ನೂ ಹೆಚ್ಚಾಗಿ ಕೆಡಬೇಕು. ೨೦೦೭ರ ಅವರ ವರದಿಯ ಪ್ರಕಾರ ಅದು ಕೆಟ್ಟದ್ದು ಕಡಮೆ! ಮುಂದೆ ೨೦೦೯ರಲ್ಲಿ ಮ್ಯಾಕೋಂಬರ್ ಮತ್ತು ಇಮ್ಲೆ ಆಮ್ಲಜನಕವೇ ಇಲ್ಲದ ಕಡೆ ಪ್ರಯೋಗ ನಡೆಸಿದರು. ಅಲ್ಲಿಯೂ ತಾಮ್ರ ಕೋಶಗಳ ಬೆಳವಣಿಗೆಯನ್ನು ನಿಲ್ಲಿಸಿತು. ಆರೋಪಿ ಆಮ್ಲಜನಕವೆಂದು ಹೇಳಿದ್ದರು. ಅಪರಾಧ ನಡೆದ ಹೊತ್ತಿಗೆ ಆರೋಪಿ ಊರಿನಲ್ಲಿಯೇ ಇರಲಿಲ್ಲ.

ನಿಜವಾದ ಏಟು ಎಲ್ಲಿಗೆ ಬಿದ್ದಿತೆಂಬುದನ್ನು ಅವರು ಕಂಡುಕೊಂಡ ರೀತಿ ಬಹಳ ಸರಳವಾದದ್ದು. ಬರಿಯ ಸಕ್ಕರೆ, ಲವಣಗಳ ಆಹಾರದಲ್ಲಿ ತಾಮ್ರದಿಂದ ನಿಂತುಹೋದ ಕೋಶಗಳಿಗೆ, ಕವಲೊಡೆದ ಅಮೈನೋ ಆಮ್ಲಗಳಾದ ಲ್ಯೂಸಿನ್ ಮೊದಲಾದವನ್ನು ಕೊಟ್ಟಾಗ ಅವು ಮತ್ತೆ ಬೆಳೆದವು. ಎಂದರೆ ಕೋಶಕ್ಕೆ ತಯಾರಿಸಲಾಗದೆ ಹೋದದ್ದು ಇವನ್ನೇ. ಆ ತಯಾರಿಕೆಯ ದಾರಿಯಲ್ಲಿ ಹುಡುಕಿದಾಗ ಒಂದು ಕಿಣ್ವ ಕೆಟ್ಟುನಿಂತಿತ್ತು. ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಸೇರಿದ ಒಂದು ಪುಟ್ಟ ಗೊಂಚಲು ಈ ಕಿಣ್ವದ ಹೃದಯ. ಗಂಧಕದ ಮೇಲೆ ತಾಮ್ರಕ್ಕೆ ಕಬ್ಬಿಣಕ್ಕಿಂತ ಹೆಚ್ಚು ಒಲವು. ತಾಮ್ರ ಬಂದು ಗಂಧಕವನ್ನು ಹಿಡಿದು ಕಬ್ಬಿಣವನ್ನು ಹೊರದಬ್ಬುತ್ತದೆ, ಗೊಂಚಲು ಕುಸಿಯುತ್ತದೆ. ಇದೇ ಕುಟುಂಬದ ಬೇರೆ ಕಿಣ್ವಗಳೂ ಹೀಗೆಯೇ ಕೆಟ್ಟಿದ್ದವು. ಸಾವಿರಾರು ಜೀನುಗಳ 'ಜ್ವರ'ವನ್ನು ಅಳೆದು ಕಾಣದಿದ್ದ ಸಂಗತಿ, ಕಳೆದುಕೊಂಡ ವಸ್ತುವನ್ನು ಹಿಂದಿರುಗಿಸಿ ನೋಡಿದಾಗ ಕಂಡಿತು. ಎಲ್ಲ ಜೀವಿಗಳಲ್ಲಿಯೂ ತಾಮ್ರ ಹೀಗೆಯೇ ಕೊಲ್ಲುತ್ತದೆಂದು ಇದರಿಂದ ಹೇಳುವಂತಿಲ್ಲ. ಅಡಕೆಯ ಕೊಳೆರೋಗದ ಜೀವಿ ಕೋಲಿಗೆ ತೀರ ದೂರದ ನಂಟು.

ಹಾಗೆಂದು, ಹಲವು ಪೀಡೆಗಳಿಗೆ ಸಾಮಾನ್ಯವೆಂದು ಕಂಡದ್ದನ್ನೆಲ್ಲ ಕಳೆದುಬಿಟ್ಟರೆ ಉಳಿದದ್ದು ಸತ್ಯವೆಂಬ ಅವಸರವೂ ಸಲ್ಲದು. ಯೀಸ್ಟಿಗೆ ಕ್ಯಾಡ್ಮಿಯಂ ಹಾಕಿದಾಗ ಸಕ್ಕರೆಯನ್ನು ಒಡೆಯುವ ಕೆಲವು ಸಾಮಾನ್ಯ ಕಿಣ್ವಗಳ ಪ್ರಮಾಣ ಬದಲಾಗುತ್ತದೆ. ಇದು ಬೆಳವಣಿಗೆ ಕುಗ್ಗಿದುದರ ಫಲವಿರಬೇಕೆಂದು ಯಾರಾದರೂ ತಳ್ಳಿಹಾಕಿಯಾರು. ಫ್ರಾನ್ಸಿನ ವಿಜ್ಞಾನಿಗಳು ೨೦೦೨ರಲ್ಲಿ ಇದರ ಮರ್ಮವನ್ನು ಹೊರಗೆಡಹಿದರು. ಕ್ಯಾಡ್ಮಿಯಮನ್ನು ಕಟ್ಟಿಹಾಕಲು ಯೀಸ್ಟಿಗೆ ಗ್ಲೂಟತಯೋನ್ ಎಂಬ ಗಂಧಕಯುಕ್ತ ವಸ್ತು ಅಪಾರವಾಗಿ ಬೇಕು. ಒಳಗೆ ಬರುವ ಗಂಧಕದ ಬಹುಭಾಗ ಅದಕ್ಕೇ ಹೋಗುತ್ತದೆ. ಆಗ ಕೋಶವು ಮನೆಖರ್ಚಿನಲ್ಲಿ ಕೈ ಬಿಗಿಹಿಡಿಯುತ್ತದೆ: ಹೆಚ್ಚು ಗಂಧಕವಿರುವ ಕಿಣ್ವಗಳನ್ನು ನಿಲ್ಲಿಸಿ, ಅದೇ ಕೆಲಸವನ್ನು ಮಾಡುವ, ಗಂಧಕ ಕಡಮೆಯಿರುವ ಜೊತೆ ಕಿಣ್ವಗಳನ್ನು ತಯಾರಿಸುತ್ತದೆ. ಹೀಗೆ ಪ್ರೋಟೀನುಗಳಿಗೆ ಹಿಡಿಯುವ ಗಂಧಕದಲ್ಲಿ ನೂರಕ್ಕೆ ೩೦ರಷ್ಟು ಉಳಿತಾಯ. ಸಾಮಾನ್ಯ ಸಂಕಟದ ವೇಷದಲ್ಲಿ ನಿಂತಿದ್ದುದು ಕ್ಯಾಡ್ಮಿಯಂ ತಂದೊಡ್ಡಿದ ಗಂಧಕದ ಬರ. ಯಂತ್ರದಂತೆ ಕಳೆಯುವ ಲೆಕ್ಕಕ್ಕೆ ಇದು ಸಿಕ್ಕುತ್ತಿರಲಿಲ್ಲ.

ಇಷ್ಟೆಲ್ಲ ಸೂಕ್ಷ್ಮ ವಿಚಾರ ಪ್ರಯೋಗಶಾಲೆಯವರ ತಲೆನೋವಷ್ಟೇ ಎನ್ನುವಂತಿಲ್ಲ. ಸೂಕ್ಷ್ಮಜೀವಿಗಳಿಂದಲೇ ನೀರನ್ನು ಪರೀಕ್ಷಿಸುವ ಉಪಾಯಗಳು ಇದರ ಮೇಲೆ ನಿಂತಿವೆ. ಬೆಳಕು ಸೂಸುವ ಸಮುದ್ರದ ಬ್ಯಾಕ್ಟೀರಿಯಗಳ ಜೀನುಗಳನ್ನು ತಂದು ಕೋಲಿಯ ಬೇರೊಂದು ಜೀನಿನ ಬಾಗಿಲಿಗೆ ಕಟ್ಟಬಹುದು. ಆ ಬಾಗಿಲು ತೆರೆದಾಗ ಕೋಶ ಹೊಳೆಯುತ್ತದೆ. ಬಿಸಿಯಾದಾಗ ತೆರೆಯುವ ಬಾಗಿಲಿಗೆ ಇವನ್ನು ಕಟ್ಟಿದ ಕೋಲಿಗಳು ೧೯೯೪ರ ಹೊತ್ತಿಗೇ ಸಿದ್ಧವಾಗಿದ್ದವು. ಅವು ಲೋಹಕ್ಕೂ, ಮದ್ಯಸಾರಕ್ಕೂ, ಇತರ ಮಾಲಿನ್ಯಗಳಿಗೂ ಹೊಳೆಯುತ್ತವೆ. ಕಾರ್ಖಾನೆಯ ಕೊಳೆನೀರಿನಲ್ಲಿ ‘ಏನೋ ಇದೆ’ ಎಂದು ಎಚ್ಚರಿಸಲು ಇಂಥ ಕೋಲಿ ಸಾಕು. ಬಾವಿಯ ನೀರಿನಲ್ಲಿ ಆರ್ಸೆನಿಕ್ ಇದೆಯೆ ಎಂದು ಕೇಳುವ ತಾಯಿಗೆ ಈ ಉತ್ತರ ಸಾಲದು.

ಬಂಗಾಳದ ಎರಡೂ ಭಾಗಗಳಲ್ಲಿ, ವಿಯೆಟ್ನಾಮಿನ ನದೀಬಯಲುಗಳಲ್ಲಿ, ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಬೆರೆತಿದೆ. ಇದು ಕಟ್ಟುನಿಟ್ಟಾಗಿ ಲೋಹವಲ್ಲ, ಲೋಹದ ಅಂಚಿನಲ್ಲಿರುವ ಧಾತು; ಆದರೆ ಕೋಲಿಯ ಕಾವಲು ವ್ಯವಸ್ಥೆಯಲ್ಲಿ ಇದಕ್ಕೂ ಆರ್ಸ್-ಆರ್ ಎಂಬ ಪ್ರೋಟೀನು ನೇಮಕವಾಗಿದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ ೧೦ ಮೈಕ್ರೊಗ್ರಾಂ. ಆರ್ಸ್-ಆರ್ ಕಾಯುವ ಬಾಗಿಲಿಗೆ ಬೆಳಕಿನ ಜೀನುಗಳನ್ನು ಕಟ್ಟಿದ ಕೋಲಿಗಳನ್ನು ವಿಯೆಟ್ನಾಮಿನ ಬಾವಿನೀರುಗಳ ಮೇಲೆ ಪ್ರಯೋಗಿಸಿ, ಪ್ರಯೋಗಶಾಲೆಯ ಉಪಕರಣಗಳ ಅಳತೆಯೊಡನೆ ಹೋಲಿಸಿದ ವರದಿ ೨೦೦೫ರಲ್ಲಿ ಪ್ರಕಟವಾಯಿತು. ಎರಡೂ ಚೆನ್ನಾಗಿ ಹೊಂದಿದ್ದವು. ಇಂಥ ಪರೀಕ್ಷೆಯಲ್ಲಿಯೂ ಜೊತೆ ತಂತಿಯನ್ನು ಮರೆಯುವಂತಿಲ್ಲ. ನೀರಿನಲ್ಲಿ ಬೇರೇನಾದರೂ ವಿಷವಿದ್ದು ಕೋಲಿ ಸೊರಗಿದ್ದರೆ, ಆರ್ಸೆನಿಕ್ ಇದ್ದರೂ ಅದು ಮಂಕಾಗಿಯೇ ಹೊಳೆಯುತ್ತದೆ. ನೀರು ಶುದ್ಧವೆಂಬ ಸುಳ್ಳು ವರದಿ ಬರುತ್ತದೆ. ಅದಕ್ಕಾಗಿ ಅದೇ ನೀರಿನ ಇನ್ನೊಂದು ಪಾಲಿಗೆ ಗೊತ್ತಾದ ಪ್ರಮಾಣದ ಆರ್ಸೆನಿಕ್ ಬೆರೆಸಿ, ಎಷ್ಟು ಹೊಳೆಯಬೇಕಿತ್ತೋ ಅಷ್ಟು ಹೊಳೆಯಿತೆ ಎಂದು ನೋಡಬೇಕು. ಆ್ಯಂಟಿಮನಿ ಇರುವ ನೀರಾದರೆ ಇದೂ ಸಾಲದು. ಆರ್ಸೆನಿಕ್ಕಿನ ರಾಸಾಯನಿಕ ದಾಯಾದಿಯಾದ ಅದಕ್ಕೂ ಆರ್ಸ್-ಆರ್ ಬಾಗಿಲು ತೆರೆಯುತ್ತದೆ.